ತಟ್ಟಿದರೆ ಬಿಡಬೇಕು

9 ಜನವರಿ 2015

ಮೂವತ್ತಾರನೇ ವಯಸ್ಸಿನಲ್ಲಿ ಬೀಳುವುದನ್ನು ಕಲಿಯಲು ಸೇರಿದ್ದೇನೆ. ಜೂಡೋ ತರಗತಿಯ ಮೊದಲ ದಿನ ಅದೊಂದೇ ಪಾಠ: ಬೀಳು, ಏಳು, ಮತ್ತೆ ಬೀಳು. ಗದ್ದವನ್ನು ಎದೆಗೆ ಒತ್ತಿಕೊಂಡು, ಅಂಗೈಯಿಂದ ನೆಲಕ್ಕೆ ಬಡಿದು ಬಿದ್ದರೆ ತಲೆಗೆ ಪೆಟ್ಟಾಗುವುದಿಲ್ಲವಂತೆ. ನನ್ನ ತಲೆಗೆ ಆಯಿತು. ತಂಗಿಗೆ ಆಗಲಿಲ್ಲ. ಅವಳು ಹುಟ್ಟುತ್ತಲೇ ಬೀಳಲು ಕಲಿತವಳ ಹಾಗೆ ದಪದಪ ಬಿದ್ದು ನಗುತ್ತಾ ಎದ್ದಳು. ನನಗಿಂತ ಏಳು ವರ್ಷ ಚಿಕ್ಕವಳು, ಮೂಳೆ ಇನ್ನೂ ಎಳಸು.

ಗಂಡನ ಮನೆ ಬಿಟ್ಟು ಅಮ್ಮನ ಹತ್ತಿರ ಬಂದು ಎಂಟು ತಿಂಗಳಾಯಿತು. ಅಂದಿನಿಂದ ನಾನು ಮಾಡಿದ್ದು ಎರಡೇ ಕೆಲಸ. ಹಗಲು ಲ್ಯಾಬಿನಲ್ಲಿ ಕೂತು ಊರವರ ಬಾಯಿಗೆ ಹಲ್ಲಿನ ಸೆಟ್ಟು ಮಾಡುವುದು, ಸಂಜೆ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುವುದು. ತಂಗಿಯೇ ಎಳೆದುಕೊಂಡು ಹೋದಳು. "ನೀನು ಒಬ್ಳೇ ಹೋಗಲ್ಲ ಅಂತ ಗೊತ್ತು. ನಾನೂ ಸೇರ್ತೀನಿ, ನಡಿ. ಪಾರ್ಲರಲ್ಲಿ ಇಡೀ ದಿನ ನಿಂತು ಜನರ ಕೂದಲು ಕತ್ತರಿಸಿ ನನಗೂ ಸೊಂಟ ಹಿಡ್ಕೊಂಡಿದೆ" ಅಂದಳು. ಅವಳ ಸೊಂಟಕ್ಕೆ ಏನೂ ಆಗಿಲ್ಲ, ಸುಳ್ಳಿ.

ತರಗತಿಯ ಕೊನೆಯಲ್ಲಿ, ಕಲಿಸುವ ಸರ್ ಇನ್ನೊಂದು ಮಾತು ಹೇಳಿದರು. ಯಾರಾದರೂ ಪಟ್ಟು ಹಾಕಿ ಹಿಡಿದಾಗ ನೋವಾದರೆ, ಅವರ ಮೈಮೇಲೋ ನೆಲದ ಮೇಲೋ ಎರಡು ಸಲ ತಟ್ಟಬೇಕು. ತಟ್ಟಿದ ಕೂಡಲೇ ಹಿಡಿದವರು ಬಿಡಬೇಕು. "ಕೈ ಸಿಕ್ಕಾಕೊಂಡಿದ್ರೆ ಕಾಲಲ್ಲಿ ತಟ್ಟಿ. ತಟ್ಟಿದ ಮೇಲೂ ಹಿಡಿಯೋನು ಯಾವ ಬಣ್ಣದ ಬೆಲ್ಟ್ ಕಟ್ಟಿದ್ರೂ ಪುಂಡನೇ" ಅಂದರು. ಇಂಥದೊಂದು ನಿಯಮ ಮನೆಗಳಲ್ಲೂ ಇದ್ದಿದ್ದರೆ ಎಂದುಕೊಂಡೆ.

27 ಜನವರಿ

ಕಪ್ಪಿಗೆ ಒಂದೇ ಮೆಟ್ಟಿಲು ಕೆಳಗಿನ ಕಂದು ಬೆಲ್ಟಿನವಳೊಬ್ಬಳಿದ್ದಾಳೆ, ಔಷಧಿ ಅಂಗಡಿಯವಳು. ಎಲ್ಲರೂ ಬೆನ್ನ ಹಿಂದೆ ಅವಳನ್ನು 'ಇಕ್ಕಳ' ಅನ್ನುತ್ತಾರೆ. ಯಾಕೆಂದು ಇವತ್ತು ಗೊತ್ತಾಯಿತು. ನನ್ನ ಕೈ ಹಿಡಿದು ತಿರುಚಿದಳು. ತಟ್ಟಿದೆ. ಬಿಡಲಿಲ್ಲ. ಇನ್ನೊಮ್ಮೆ ತಟ್ಟುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು, ಆಗ ಬಿಟ್ಟಳು. ಎಲ್ಲರೆದುರು ಅತ್ತೆ. ಬರೀ ನೋವಿಗೆ ಅಲ್ಲ. ಗಂಡನೂ ಹೀಗೇ ಮಾಡುತ್ತಿದ್ದ. ಮಣಿಕಟ್ಟು ತಿರುಚಿ, ನಾನು ಅತ್ತರೆ "ಇಷ್ಟಕ್ಕೇ ಅಳ್ತೀಯಾ?" ಅನ್ನುತ್ತಿದ್ದ, ಕೂಸನ್ನು ಮಾತಾಡಿಸುವ ದನಿಯಲ್ಲಿ.

ತಂಗಿ ಸೀದಾ ಇಕ್ಕಳದ ಮುಂದೆ ಹೋಗಿ ನಿಂತಳು. "ನಮ್ಮಕ್ಕ ತಟ್ಟಿದ್ದು ನಿಮಗೆ ಕಾಣ್ಲಿಲ್ವಾ?"

"ಕಾಣ್ಸ್ತು. ತಟ್ಟಿದ ಮೇಲೆ ನಾನು ಒಂದು ಎಣಿಸ್ತೀನಿ. ಆ ಒಂದರಲ್ಲೇ ಜನ ಕಲಿಯೋದು."

"ಕಲಿತಾಯ್ತು. ಇನ್ನೊಂದ್ಸಲ ಎಣಿಸಿದ್ರೆ ನಾನು ಹತ್ತರವರೆಗೂ ಎಣಿಸಿ ತೋರಿಸ್ತೀನಿ."

ಬಿಳಿ ಬೆಲ್ಟಿನವಳು ಕಂದು ಬೆಲ್ಟಿಗೆ ಹೀಗೆ ಹೇಳಿದ್ದು ಅಲ್ಲಿ ಅದೇ ಮೊದಲಂತೆ. ತರಗತಿಯ ಹಾಲ್‌ನಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಬಸ್ಸಿನಲ್ಲಿ ಬರುತ್ತಾ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಒಂದು ದಿನ ನಾನು ಇಕ್ಕಳ ಇರುವ ಜಾಗಕ್ಕೆ ಬಂದರೆ ಯಾರ ಕೈಯನ್ನೂ ಹೀಗೆ ಹಿಡಿಯುವುದಿಲ್ಲ. ಬರೆದಿಟ್ಟಿದ್ದೇನೆ.

14 ಜೂನ್

ಹಳದಿ! ಹಳದಿ! ಹಳದಿ! ಕನ್ನಡಿಯ ಮುಂದೆ ಬೆಲ್ಟನ್ನು ಆರು ಸಲ ಕಟ್ಟಿ ಬಿಚ್ಚಿದೆ. ಅಮ್ಮ "ಅದೇನೇ ಅದು, ಪಟ್ಟಿ ಸುತ್ತಿಕೊಂಡು ಕುಣೀತಿದ್ದೀಯಾ?" ಅಂದಳು. ಅನ್ನಲಿ.

ಪರೀಕ್ಷೆಯಲ್ಲಿ ಜೋಡಿ ಬೇಕು. ಒಬ್ಬರು ಎಸೆಯಬೇಕು, ಒಬ್ಬರು ಬೀಳಬೇಕು. ಬೀಳುವವರಿಗೆ ಅಂಕವಿಲ್ಲ, ಆದರೆ ಅವರು ಸರಿಯಾಗಿ ಬೀಳದಿದ್ದರೆ ಎಸೆದವರ ಗತಿ ಗೋವಿಂದ. ತಂಗಿ ನನಗಾಗಿ ಹನ್ನೆರಡು ಸಲ ಬಿದ್ದಳು, ಹೂವು ಎತ್ತಿಟ್ಟಷ್ಟು ಸಲೀಸಾಗಿ. ನಾನು ಅವಳಿಗಾಗಿ ಬಿದ್ದಾಗ ಎರಡು ಸಲ ಎಡವಟ್ಟಾಯಿತು. ಆದರೂ ಅವಳಿಗೇ ಅಂಕ ಜಾಸ್ತಿ ಬಂತು. ಇರಲಿ, ಅವಳೂ ನಮ್ಮವಳೇ ತಾನೇ.

20 ಆಗಸ್ಟ್ 2016

ಹಸಿರು ಬೆಲ್ಟ್ ಬಂದು ವಾರವಾಯಿತು. ಇವತ್ತು ಬೆಲ್ಟಿಗಿಂತ ದೊಡ್ಡದೊಂದು ಸಂಗತಿ ನಡೆಯಿತು. ಕೆಳಗಿನ ಸೆಟ್ಟಿನ ಹಲ್ಲು ಮೇಲಿನದಕ್ಕೆ ಕೂರುತ್ತಿಲ್ಲವೆಂದು ಲ್ಯಾಬಿನ ಯಜಮಾನ ಪ್ಲಾಸ್ಟರ್ ಅಚ್ಚನ್ನು ನನ್ನ ಮೇಜಿನ ಮೇಲೆ ಕುಕ್ಕಿ ಕೂಗಾಡಿದ. ಮೊದಲಾಗಿದ್ದರೆ ಬಚ್ಚಲಿಗೆ ಹೋಗಿ ಅತ್ತು ಬರುತ್ತಿದ್ದೆ. ಇವತ್ತು ಮೇಣ ಕಾಯಿಸುವ ಚಾಕುವನ್ನು ಪಕ್ಕಕ್ಕಿಟ್ಟು ಅವನ ಮುಖವನ್ನೇ ನೋಡುತ್ತಾ ನಿಂತೆ. ಅವನ ದನಿ ತಾನಾಗಿ ಇಳಿಯಿತು. ಮಧ್ಯಾಹ್ನ ತಾನೇ ಟೀ ತಂದುಕೊಟ್ಟ!

ತಂಗಿಗೆ ಹೇಳಿದರೆ ನನ್ನನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿದಳು. "ನೋಡಿದ್ಯಾ, ನಾನು ಹೇಳಿರ್ಲಿಲ್ವಾ? ನಮ್ಮಕ್ಕ ಈಗ ಹುಲಿ" ಅಂದಳು. ಈ ಎರಡು ವರ್ಷದಲ್ಲಿ ನಾನು ಇಷ್ಟು ಹಗುರಾಗಿ ಮಲಗಲು ಹೊರಟ ದಿನವಿಲ್ಲ.

11 ಮಾರ್ಚ್ 2017

ನೀಲಿ ಬೆಲ್ಟಿನವರು ಹೊಸಬರಿಗೆ ಹೇಳಿಕೊಡಬೇಕು. ನನಗೆ ಸಿಕ್ಕಿದ್ದು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ. ಕೈ ಮುಟ್ಟುವ ಮೊದಲೇ "ಅಯ್ಯೋ" ಅನ್ನುವ ಗಿರಾಕಿ. ಸುಮ್ಮಸುಮ್ಮನೆ ತಟ್ಟುತ್ತಾಳೆ. ಹೀಗಾದರೆ ಕಲಿಯುವುದು ಯಾವಾಗ? ಇವತ್ತು ಅವಳು ತಟ್ಟಿದ ಮೇಲೆ ಒಂದೇ ಒಂದು ಕ್ಷಣ ಹಿಡಿದಿದ್ದೆ. ನೋಯಿಸಬೇಕೆಂದಲ್ಲ, ನೋವು ಎಲ್ಲಿಂದ ಶುರುವಾಗುತ್ತದೆಂದು ಅವಳಿಗೆ ತಿಳಿಯಲಿ ಅಂತ. ಬಿಟ್ಟ ಮೇಲೆ ಎಷ್ಟು ಚೆನ್ನಾಗಿ ಕಲಿತಳು! ಇಕ್ಕಳ ಮಾಡುತ್ತಿದ್ದುದೇ ಬೇರೆ, ಇದೇ ಬೇರೆ. ಅವಳದು ಬರೀ ಕೊಬ್ಬು.

ತಂಗಿ ಆಚೆ ಕಡೆಯಿಂದ ನೋಡುತ್ತಿದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಪಾರ್ಲರಲ್ಲಿ ಕೆಲಸ ಜಾಸ್ತಿಯಿತ್ತೇನೋ.

2 ಏಪ್ರಿಲ್

ಎರಡು ಎಣಿಸಿದೆ. ಏನೂ ಆಗಲಿಲ್ಲ.

19 ಮೇ

ಒಬ್ಬ ಮುದುಕ ಹಲ್ಲಿನ ಡಾಕ್ಟರ ಹತ್ತಿರ ಹೋಗುವ ಬದಲು ನೇರ ಲ್ಯಾಬಿಗೇ ಬಂದ. ಹೊಸ ಸೆಟ್ಟು ವಸಡಿಗೆ ಚುಚ್ಚುತ್ತದೆ, ನೀರು ಕುಡಿಯಲೂ ಆಗುವುದಿಲ್ಲ ಎಂದು ಬಾಯಿ ತೆರೆದು ತೋರಿಸಿದ. ಮೊದಲೆಲ್ಲಾ ನಿಂತ ನಿಲುವಿನಲ್ಲೇ ಉಜ್ಜಿ ಸರಿ ಮಾಡಿಕೊಡುತ್ತಿದ್ದೆ. "ಒಂದು ವಾರ ಕಚ್ಚಿಕೊಂಡಿರಿ ತಾತ, ಅಭ್ಯಾಸ ಆಗುತ್ತೆ" ಎಂದು ಕಳಿಸಿದೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಇವರಿಗೆ ಎರಡೂ ಇದ್ದರೂ ಗೊಣಗಾಟ ತಪ್ಪಿದ್ದಲ್ಲ. ಜನಕ್ಕೆ ತಡೆದುಕೊಳ್ಳುವ ಶಕ್ತಿಯೇ ಇಲ್ಲ.

26 ನವೆಂಬರ್

ಕಂದು ಬೆಲ್ಟ್. ನನಗೂ, ತಂಗಿಗೂ. ಸರ್ ಅವಳ ಎಸೆತ ನೋಡಿ "ನೀರು ಹರಿದ ಹಾಗಿದೆ" ಅಂದರು. ನನಗೆ "ಗಟ್ಟಿ ಇದ್ದೀರಿ" ಅಂದರು, ಅಷ್ಟೇ.

ಇಕ್ಕಳ ತನ್ನ ಔಷಧಿ ಅಂಗಡಿ ಮಾರಿ ಬೇರೆ ಊರಿಗೆ ಹೋದಳು. ಈಗ ಹೆಂಗಸರಲ್ಲಿ ನಾವಿಬ್ಬರೇ ಹಿರಿಯರು. ಹೊಸಬರು ನನಗೆ 'ಕಿವುಡಮ್ಮ' ಎಂದು ಹೆಸರಿಟ್ಟಿದ್ದಾರಂತೆ. ತಟ್ಟಿದ್ದು ಕೇಳುವುದಿಲ್ಲ ಎಂಬ ಅರ್ಥದಲ್ಲಿ! ತಂಗಿಯೇ ಹೇಳಿದಳು, ಬೇಜಾರಾಗುತ್ತದೇನೋ ಎಂದು ಹೆದರಿಕೊಂಡೇ. ನನಗೆ ನಗು ಬಂತು. ಹೆಸರಿಡುವಷ್ಟಾದರೂ ಹೆದರಿದ್ದಾರಲ್ಲ.

"ಅಕ್ಕ, ಬ್ಯಾಂಕಿನೋರು ನಿನ್ನ ಜೊತೆ ಅಭ್ಯಾಸ ಮಾಡೋ ದಿನ ಹೊಟ್ಟೆನೋವು ಅಂತ ರಜಾ ಹಾಕ್ತಾರೆ, ಗೊತ್ತಾ?" ಅಂದಳು.

"ಹೊಟ್ಟೆನೋವಿಗೆ ನಾನೇನು ಮಾಡ್ಲಿ?"

"ಬಿಡಬಹುದಲ್ವಾ ಬೇಗ."

ಚಿಕ್ಕವಳು, ಅವಳಿಗೇನು ಗೊತ್ತು.

8 ಸೆಪ್ಟೆಂಬರ್ 2018

ಮೈಯೆಲ್ಲ ಉರಿಯುತ್ತಿದೆ. ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ.

ಮಾರ್ಚಿನಲ್ಲಿ ಕಪ್ಪು ಬೆಲ್ಟಿನ ಪರೀಕ್ಷೆ. ಒಂದು ತರಗತಿಯಿಂದ ಒಬ್ಬರನ್ನೇ ಕಳಿಸಬೇಕೆಂದು ಮೇಲಿನವರು ಹೇಳಿದ್ದಾರಂತೆ. ಸರ್ ಎಲ್ಲರನ್ನೂ ಕೂರಿಸಿ ತಂಗಿಯ ಹೆಸರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ಯಾಂಕಿನಾಕೆಯದಂತೂ ನಿಲ್ಲಲೇ ಇಲ್ಲ. ನಾನೂ ತಟ್ಟಿದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರಲ್ಲ, ತಟ್ಟದೆ ಏನು ಮಾಡಲಿ?

ಯಾರಿಗಾಗಿ ಈ ಜೂಡೋ ಶುರುವಾದದ್ದು? ನನಗಾಗಿ. ಗೋಡೆಗೆ ಮುಖ ಮಾಡಿ ಮಲಗಿದ್ದವಳು ನಾನು. ಅವಳು ಜೊತೆಗೆ ಬಂದವಳು, ಅಷ್ಟೇ. ಮದುವೆಗೆ ಬಂದವಳೇ ಹಸೆಮಣೆ ಏರಿದ ಹಾಗಾಯಿತು. ಮನೆಗೆ ಬಂದ ಮೇಲೆ ಅಮ್ಮ ಅವಳ ದೃಷ್ಟಿ ತೆಗೆಯುವಷ್ಟು ಸಂಭ್ರಮಪಟ್ಟಳು. ತಂಗಿ ನನ್ನ ಪಕ್ಕ ಬಂದು ಕೂತು, "ಅಕ್ಕ, ನಾನು ಸರ್‌ಗೆ ಹೇಳ್ತೀನಿ, ನೀನೇ ಹೋಗು. ನನಗೆ ಈ ಬೆಲ್ಟು ಗಿಲ್ಟು ಅಷ್ಟೇನೂ ಬೇಕಿಲ್ಲ" ಅಂದಳು.

ಭಿಕ್ಷೆ ಹಾಕುತ್ತಾಳೆ ನೋಡು! ಬೇಡ ಎಂದೆ. ಯಾರೋ ಎಸೆದದ್ದನ್ನು ಎತ್ತಿ ಸೊಂಟಕ್ಕೆ ಕಟ್ಟಿಕೊಳ್ಳುವವಳು ನಾನಲ್ಲ.

13 ಅಕ್ಟೋಬರ್

ಇವತ್ತು ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ನಾಳೆ ಯಾರ್ಯಾರೋ ಏನೇನೋ ಹೇಳುತ್ತಾರೆ.

ನೆಲದ ಮೇಲಿನ ಹಿಡಿತಗಳ ಅಭ್ಯಾಸ. ನಾನು, ತಂಗಿ. ಅವಳ ಎಡಗೈಯನ್ನು ಮಡಚಿ ಭುಜ ತಿರುಗಿಸುವ ಪಟ್ಟು ಹಾಕಿದೆ. ಅವಳ ಬಲಗೈ ಅವಳ ಮೈಯಡಿಯಲ್ಲೇ ಸಿಕ್ಕಿಕೊಂಡಿತ್ತು. ಹಾಗಾಗಿ ಕಾಲಿನಲ್ಲಿ ತಟ್ಟಿದಳಂತೆ. ಹಾಲ್ ತುಂಬ ಇಪ್ಪತ್ತು ಜನ ದಪದಪ ಬೀಳುತ್ತಿರುವಾಗ ಒಬ್ಬಳ ಕಾಲಿನ ಸದ್ದು ನನಗೆ ಹೇಗೆ ತಿಳಿಯಬೇಕು? ಆಮೇಲೆ "ಅಕ್ಕಾ" ಅಂದಳು. ಅದು ಕೇಳಿಸಿತು. ಎರಡು ಸಲ ಕೇಳಿಸಿತು. ಆದರೆ ಅಕ್ಕಾ ಅಂದರೆ ತಟ್ಟಿದ ಹಾಗೆ ಎಂದು ಯಾವ ನಿಯಮದಲ್ಲಿದೆ? ದಿನಕ್ಕೆ ನೂರು ಸಲ ಅಕ್ಕಾ ಅನ್ನುತ್ತಾಳೆ.

ಒಂದು, ಎರಡು, ಮೂರು. ನಾಲ್ಕು ಆಗಿರಲಿಕ್ಕಿಲ್ಲ. ಭುಜದೊಳಗೆ ಒದ್ದೆ ಬಟ್ಟೆ ಹರಿದಂಥ ಸದ್ದು ಬಂತು. ಆಗ ಬಿಟ್ಟೆ.

ಕೂಗಲಿಲ್ಲ ಅವಳು. ಕೈ ಹಿಡಿದುಕೊಂಡು ಮಗ್ಗುಲಾಗಿ ಮುದುಡಿಕೊಂಡು ನನ್ನನ್ನು ನೋಡುತ್ತಿದ್ದಳು, ಕಣ್ಣಲ್ಲಿ ನೀರು. ಎಲ್ಲರೂ ಸುತ್ತ ಸೇರಿದರು. ಏನಾದರೂ ಹೇಳಬೇಕಲ್ಲ, ಮೆತ್ತಗೆ "ಇಷ್ಟಕ್ಕೇ ಅಳ್ತೀಯಾ?" ಎಂದೆ. ಧೈರ್ಯ ಬರಲಿ ಅಂತ.

15 ಅಕ್ಟೋಬರ್

ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಭುಜದೊಳಗೆ ಮೂಳೆಯನ್ನು ಹಿಡಿದಿಡುವ ಕಟ್ಟು ಹರಿದಿದೆ. ಆರು ತಿಂಗಳು ಬೀಳುವಂತಿಲ್ಲ, ಎತ್ತುವಂತಿಲ್ಲ. ಕೈಯನ್ನು ಕುತ್ತಿಗೆಗೆ ತೂಗುಹಾಕುವ ಜೋಳಿಗೆ ಕಟ್ಟಿ ಕಳಿಸಿದ್ದಾರೆ.

ಆ ಹಂತಕ್ಕೆ ಬಂದವರು ಬೇರೆ ಯಾರೂ ಇಲ್ಲ. ಸರ್ ಪರೀಕ್ಷೆಗೆ ನನ್ನ ಹೆಸರು ಕೊಟ್ಟರು.

5 ನವೆಂಬರ್

ಬೆಳಿಗ್ಗೆ ನಾಲ್ಕು ಮೈಲಿ ಓಟ. ಸಂಜೆ ಇನ್ನೂರು ಎಸೆತ, ಗೋಡೆಗೆ ಕಟ್ಟಿದ ರಬ್ಬರ್ ಪಟ್ಟಿಯ ಮೇಲೆ. ಮೈ ಕಬ್ಬಿಣವಾಗಿದೆ. ಅಮ್ಮ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ತಟ್ಟೆ ಇಟ್ಟು ಹೋಗುತ್ತಾಳೆ. ಎಷ್ಟೆಂದರೂ ಕಿರಿ ಮಗಳು ಮುದ್ದು.

12 ಜನವರಿ 2019

ಎಲ್ಲ ಇದ್ದೂ ಜೋಡಿ ಇಲ್ಲ! ಕಪ್ಪು ಬೆಲ್ಟಿನ ಪರೀಕ್ಷೆಯಲ್ಲಿ ನನ್ನ ತೂಕದ, ಎಲ್ಲ ಎಸೆತಕ್ಕೂ ಬೀಳಬಲ್ಲ ಒಬ್ಬರು ಬೇಕೇ ಬೇಕು. ಬ್ಯಾಂಕಿನಾಕೆಯನ್ನು ಕೇಳಿದೆ. "ಕ್ಷಮಿಸಿ, ನನಗೆ ಎರಡು ಮಕ್ಕಳಿದ್ದಾರೆ" ಅಂದಳು. ಮಕ್ಕಳಿಗೂ ಇದಕ್ಕೂ ಏನು ಸಂಬಂಧ? ಇನ್ನೊಬ್ಬಳು ಟೀಚರ್, ಶಾಲೆ ಪರೀಕ್ಷೆ ಅಂದಳು. ಪಕ್ಕದ ತರಗತಿಯವಳು ಮೊದಲು ಹೂಂ ಅಂದು, ಮಾರನೇ ದಿನ ಫೋನೇ ಎತ್ತಲಿಲ್ಲ. ಎಲ್ಲರೂ ಸೇರಿಕೊಂಡು ಆಡುತ್ತಿದ್ದಾರೆ.

20 ಜನವರಿ

ತಂಗಿಯನ್ನೇ ಕೇಳಿದೆ. ಜೋಳಿಗೆ ಬಿಚ್ಚಿ ಒಂದೂವರೆ ತಿಂಗಳಾಗಿದೆ. ಪರೀಕ್ಷೆಗೆ ಇನ್ನೂ ಎಂಟು ವಾರ ಇದೆ. ಡಾಕ್ಟರು ಆರು ತಿಂಗಳು ಅಂದರೆ ನಾಲ್ಕು ಅಂತಲೇ ಅರ್ಥ, ಅವರು ಯಾವಾಗಲೂ ಸ್ವಲ್ಪ ಸೇರಿಸಿಯೇ ಹೇಳುತ್ತಾರೆ.

"ಬೀಳಬಾರದು ಅಂದಿದ್ದಾರೆ ಅಕ್ಕ."

"ನಾನು ಮೆಲ್ಲಗೆ ಎಸೀತೀನಿ."

ಅಮ್ಮ ಒಳಗಿನಿಂದ ಬಂದು, "ನಿನಗೇನು ಮೈಮೇಲೆ ಬಂದಿದ್ಯಾ? ಅವಳ ಕೈ ಇನ್ನೂ ಹೆಗಲಿನಿಂದ ಮೇಲೆ ಏಳ್ತಿಲ್ಲ" ಎಂದು ಕೂಗಿದಳು. ನಾನೂ ಬಿಡಲಿಲ್ಲ. ಅಪ್ಪ ಹೋದಾಗ ಇವಳಿಗೆ ಹನ್ನೊಂದು ವರ್ಷ. ಶಾಲೆಗೆ ಕೈಹಿಡಿದು ಕರೆದುಕೊಂಡು ಹೋದವಳು ಯಾರು? ಜ್ವರ ಬಂದಾಗ ಪಕ್ಕ ಕೂತವಳು ಯಾರು? ನನ್ನ ಓದು ಬಿಟ್ಟು ಪ್ಲಾಸ್ಟರ್ ಕಲಸಲು ಹೋದದ್ದು ಯಾರಿಗಾಗಿ? ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಹಿಂದೆಂದೂ ಆಡಿದ ಮಾತಲ್ಲ, ಆಡಬಾರದೆಂದೇ ಇಟ್ಟುಕೊಂಡಿದ್ದೆ. ಆದರೆ ಕೆಲಸಕ್ಕೆ ಬರುವುದಾದರೆ ಯಾಕೆ ಆಡಬಾರದು?

ತಂಗಿ ಎಲ್ಲ ಕೇಳಿಸಿಕೊಂಡು ಎದ್ದಳು. "ಆಯ್ತು. ಬರ್ತೀನಿ. ಆದ್ರೆ ಇನ್ನು ಯಾವತ್ತೂ ಆ ಮಾತೆಲ್ಲ ಎತ್ತಬೇಡ. ಇದ್ರಲ್ಲೇ ಎಲ್ಲ ತೀರಿತು ಅಂದ್ಕೋ" ಅಂದಳು.

ಬಾಗಿಲು ಹಾಕಿಕೊಂಡಳು. ನನಗೆ ಒಂದು ನಿಮಿಷ ಏನೋ ಆಯಿತು. ಆಮೇಲೆ ಓಡಲು ಹೋದೆ.

17 ಮಾರ್ಚ್

ಕಪ್ಪು!

ಮೊದಲಿನಿಂದ ಬರೆಯುತ್ತೇನೆ. ದೊಡ್ಡ ಹಾಲ್, ಮೂವರು ಪರೀಕ್ಷಕರು. ಅವರಲ್ಲಿ ಹಿರಿಯಳು ಬಿಳಿ ಕೂದಲಿನ ಹೆಂಗಸು, ಬೆನ್ನು ಮಾತ್ರ ಮೊಳೆ ಹೊಡೆದಷ್ಟು ನೆಟ್ಟಗೆ. ಶುರುವಾಗುವ ಮೊದಲು ಸರ್ ತಂಗಿಯನ್ನು ಕೇಳಿದರು, "ಭುಜ ಪೂರ್ತಿ ವಾಸಿಯಾಗಿದೆಯೇನಮ್ಮಾ?" ಅವಳು ಬಾಯಿ ತೆರೆಯುವ ಮೊದಲೇ ನಾನು "ಆಗಿದೆ ಸರ್" ಎಂದೆ. ಸರ್ ಇನ್ನೂ ಅವಳನ್ನೇ ನೋಡುತ್ತಿದ್ದರು. ಅವಳು ತಲೆಯಾಡಿಸಿದಳು.

ಎಸೆತಗಳನ್ನು ಬಲಕ್ಕೂ ಎಡಕ್ಕೂ ಮಾಡಿ ತೋರಿಸಬೇಕು. ಬಲಕ್ಕೆ ಬಿದ್ದಾಗ ಎಂದಿನ ಹಾಗೇ ಸೊಗಸಾಗಿ ಬಿದ್ದಳು. ಎಡಕ್ಕೆ ಬಿದ್ದಾಗಲೆಲ್ಲ ಮುಖ ಸುಣ್ಣದ ಹಾಗೆ ಬಿಳಿಚಿಕೊಳ್ಳುತ್ತಿತ್ತು. ಆದರೆ ಅಂಗೈಯಿಂದ ನೆಲಕ್ಕೆ ಬಡಿಯುವುದನ್ನು ಒಂದು ಸಲವೂ ತಪ್ಪಿಸಲಿಲ್ಲ. ಮೆಲ್ಲಗೆ ಎಸೆಯುತ್ತೇನೆ ಎಂದಿದ್ದೆ ನಿಜ. ಮೆಲ್ಲಗೆ ಎಸೆದರೆ ಅಂಕ ಕೊಡುತ್ತಾರೆಯೇ?

ಕೊನೆಗೆ ಕೈಪಟ್ಟು. ಅವಳು ಮಲಗಿದ್ದಳು. ನಾನು ಮಂಡಿಯೂರಿ ಅವಳ ಎಡಗೈಯತ್ತ ಕೈ ಚಾಚಿದೆ. ಮುಟ್ಟಿರಲಿಲ್ಲ. ದೇವರಾಣೆಗೂ ಇನ್ನೂ ಮುಟ್ಟಿರಲಿಲ್ಲ. ಆಗಲೇ ತಟ್ಟಿಬಿಟ್ಟಳು. ಎರಡಲ್ಲ, ಪಟಪಟಪಟ ಎಂದು ತಟ್ಟುತ್ತಲೇ ಇದ್ದಳು. ಕಣ್ಣು ಮುಚ್ಚಿಕೊಂಡಿದ್ದಳು. ನನಗೆ ಅಲ್ಲೇ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಬೇಕೆಂತಲೇ ನನ್ನನ್ನು ಮುಳುಗಿಸಲು ಬಂದಿದ್ದಾಳೆ ಅಂದುಕೊಂಡೆ.

ಆದರೆ ಆ ಬಿಳಿ ಕೂದಲಿನವರು ಪಕ್ಕದವರ ಕಡೆ ವಾಲಿ ಹೇಳಿದರು: "ನೋಡಿದ್ರಾ? ಬಲವೇ ಹಾಕಿಲ್ಲ. ಕೈ ಇಟ್ಟದ್ದೇ ತಡ, ಎದುರಾಳಿ ಶರಣು. ಹಿಡಿತ ಅಂದ್ರೆ ಇದಪ್ಪಾ."

ಅವರು ಕೂತ ಕಡೆಯಿಂದ ಹಾಗೆ ಕಂಡಿತೋ ಏನೋ. ಮೂವರೂ ಬರೆದುಕೊಂಡರು. ಆ ಭಾಗದಲ್ಲಿ ಪೂರ್ತಿ ಅಂಕ. ಯೋಚಿಸಿದರೆ ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮುಟ್ಟುವ ಮೊದಲೇ ಸೋಲಿಸುವುದಕ್ಕಿಂತ ದೊಡ್ಡ ವಿದ್ಯೆ ಯಾವುದಿದೆ?

ಸರ್ ನನ್ನ ಸೊಂಟಕ್ಕೆ ಬೆಲ್ಟ್ ಕಟ್ಟುವಾಗ ನನ್ನ ಮುಖ ನೋಡಲಿಲ್ಲ, ಗಂಟನ್ನೇ ನೋಡುತ್ತಿದ್ದರು. ಫೋಟೋ ತೆಗೆಯುವಾಗ ತಂಗಿಯನ್ನು ಹುಡುಕಿದೆ. ಬಚ್ಚಲಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಾಳೆ ಎಂದರು. ಫೋಟೋದಲ್ಲಿ ನಾನೊಬ್ಬಳೇ ಇದ್ದೇನೆ. ಚೆನ್ನಾಗಿ ಬಂದಿದೆ.

29 ಮಾರ್ಚ್

ಭುಜ ಮತ್ತೆ ಹರಿದಿದೆಯಂತೆ. ಈ ಸಲ ಕೂಡಿಸುವುದು ಕಷ್ಟ ಎಂದರಂತೆ ಡಾಕ್ಟರು. ನಾನು ಹೋಗಿರಲಿಲ್ಲ, ಅಮ್ಮ ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು. ಪಾರ್ಲರಿನಲ್ಲಿ ಕತ್ತರಿ ಕೆಲಸ ಬಿಡಿಸಿ, ಬಾಗಿಲ ಬಳಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸ ಕೊಟ್ಟಿದ್ದಾರೆ. ಕೂತು ಮಾಡುವ ಕೆಲಸ, ಒಳ್ಳೆಯದೇ ಆಯಿತು. ಸೊಂಟನೋವು ಎನ್ನುತ್ತಿದ್ದಳಲ್ಲ.

ಹಾಲ್‌ನಲ್ಲಿ ಈಗ ಎಲ್ಲರೂ ನನಗೆ ಬಾಗಿ ನಮಸ್ಕರಿಸುತ್ತಾರೆ. ಬ್ಯಾಂಕಿನಾಕೆ ಬರುವುದನ್ನೇ ಬಿಟ್ಟಳು.

7 ಏಪ್ರಿಲ್

ಬೆಳಿಗ್ಗೆ ಅಡುಗೆಮನೆಯ ಮೇಜಿನ ಬಳಿ ಅಮ್ಮ ತಂಗಿಗೆ ತಲೆ ಬಾಚುತ್ತಿದ್ದಳು. ಊರವರ ಕೂದಲು ಸಿಂಗರಿಸುತ್ತಿದ್ದವಳಿಗೆ ತನ್ನ ಜಡೆ ಹಾಕಿಕೊಳ್ಳಲು ಎಡಗೈ ಏಳುವುದಿಲ್ಲ. ನಾನು ಎದುರಿಗೆ ಕೂತು ವಿಷಯ ತೆಗೆದೆ. ಕಪ್ಪು ಬೆಲ್ಟಿನಲ್ಲೂ ಮುಂದಿನ ಹಂತಗಳಿವೆ. ಎರಡನೆಯದಕ್ಕೆ ಇನ್ನೂ ಒಂದೂವರೆ ವರ್ಷ ಇದೆ, ಆದರೆ ಈಗಿನಿಂದಲೇ ಜೋಡಿ ಗೊತ್ತು ಮಾಡಿಕೊಂಡರೆ ಒಳ್ಳೆಯದು.

"ನೀನೇ ಬಾ" ಎಂದೆ. "ನಿನ್ನಷ್ಟು ಚೆನ್ನಾಗಿ ಬೀಳೋರು ನನಗೆ ಇನ್ಯಾರು ಸಿಕ್ತಾರೆ ಹೇಳು?"

ಅಮ್ಮನ ಕೈಯಲ್ಲಿದ್ದ ಬಾಚಣಿಗೆ ನಿಂತಿತು. ತಂಗಿ ಬಲಗೈಯನ್ನು ಮೇಜಿನ ಮೇಲೆ ನನ್ನ ಕಡೆಗೆ ಚಾಚಿಟ್ಟಳು.

"ಇದೊಂದು ಉಳಿದಿದೆ. ತಗೋ" ಅಂದಳು.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಇವರಿಬ್ಬರಿಗೂ ಎಲ್ಲದರಲ್ಲೂ ನಾಟಕ ಬೇಕು. ನಾನು ಆ ಕೈಯನ್ನು ಹಿಡಿದು ನೋಡಿದೆ. ಸ್ವಲ್ಪ ತಣ್ಣಗಿತ್ತು. ಮಡಚಿ ನೋಡಿದೆ, ಮೊಣಕೈ ಸರಿಯಾಗಿ ಮಡಚುತ್ತದೆ. ಮೇಲೆತ್ತಿ ತಿರುಗಿಸಿದೆ, ಭುಜ ಪೂರ್ತಿ ಸುತ್ತು ಬರುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಏನೂ ತೊಂದರೆಯಿಲ್ಲದ ಕೈ.

ಸೋಮವಾರದಿಂದ ಶುರು ಮಾಡೋಣ ಎಂದೆ. ಅವಳು ಬೇಡ ಅನ್ನಲಿಲ್ಲ.